ಬಾಯಿ ನೋಡುವ ಕೆಲಸ

ಸಾಲಿನಲ್ಲಿ ನಿಲ್ಲಬೇಕು. ಸರದಿ ಬಂದಾಗ ಬಾಯಿ ತೆಗೆದು 'ಆ' ಅನ್ನಬೇಕು. ಎದುರಿಗೆ ನಿಂತವಳು ಮೂಗು ಹತ್ತಿರ ತಂದು ಮೂಸುತ್ತಾಳೆ. ಏನೂ ಇಲ್ಲವೆಂದರೆ ತಲೆಯಾಡಿಸುತ್ತಾಳೆ. ಆಮೇಲೆ ಮನೆಗೆ ಹೋಗಬಹುದು.

ಮೂಸುವವಳು ಸೊಸೆ. ಬಾಯಿ ತೆಗೆಯುವ ಹೆಂಗಸರಲ್ಲಿ ಅತ್ತೆಯೂ ಒಬ್ಬಳು.

ಇದು ನಡೆಯುತ್ತಿದ್ದುದು ಸಿನಿಮಾ ಹಾಲಿನ ಹಿಂಬದಿಯ ಕೋಣೆಯಲ್ಲಿ, ಕಸದ ಚೀಲಗಳ ಪಕ್ಕದಲ್ಲಿ. ಬೆಳಗಿನ ಪಾಳಿ ಮುಗಿದು ಸಂಜೆ ಪಾಳಿಯವರು ಬರುವ ಮುಂಚೆ. ನೋಡುಗರು ಬಿಟ್ಟುಹೋದ ಪಾಪ್‌ಕಾರ್ನನ್ನು ಗುಡಿಸುವ ಹೆಂಗಸರು ತಿಂದಿದ್ದಾರೋ ಇಲ್ಲವೋ ಎಂದು ಕಂಡುಹಿಡಿಯಲು ಕಂಪನಿ ಈ ದಾರಿ ಹುಡುಕಿತ್ತು.

ಮೊದಲು ಹೀಗಿರಲಿಲ್ಲ. ಒಂದು ದಿನ ಆಟ ಬಿಟ್ಟ ಮೇಲೆ ಯಾರೋ ಒಬ್ಬ ಮರೆತ ಕೊಡೆಗಾಗಿ ವಾಪಸು ಒಳಗೆ ಬಂದ. ಗುಡಿಸುವವಳೊಬ್ಬಳು ಸೀಟಿನ ಮೇಲಿದ್ದ ಡಬ್ಬಿಯಿಂದ ತೆಗೆದು ತಿನ್ನುತ್ತಿದ್ದಳು. ಅವನು ಫೋನಿನಲ್ಲಿ ಹಿಡಿದ. ಊರೆಲ್ಲ ನೋಡಿತು. ಕೆಲವರು ಪಾಪ ಅಂದರು. ಹಲವರು ಅಸಹ್ಯ ಅಂದರು. ಕಂಪನಿಗೆ ಎರಡೂ ಬೇಡವಾಗಿತ್ತು. ಆ ಹೆಂಗಸನ್ನು ಅಂದೇ ಕಳಿಸಿದರು. ಮರುದಿನದಿಂದ ಹೊಸ ಪದ್ಧತಿ ಬಂತು. ಉಳಿದದ್ದನ್ನೆಲ್ಲ ಕರಿ ಚೀಲಕ್ಕೆ ತುಂಬಿ ಹಿಂದಿನ ಕೋಣೆಗೆ ತರಬೇಕು. ಕ್ಯಾಮೆರಾದ ಎದುರು ಅದರ ಮೇಲೆ ಫಿನಾಯಿಲ್ ಸುರಿಯಬೇಕು. ಕೊನೆಗೆ ಬಾಯಿ ತೋರಿಸಿ ಹೋಗಬೇಕು.

"ಇದೆಲ್ಲ ನಿಮ್ಮ ಆರೋಗ್ಯಕ್ಕೇ ಅಮ್ಮಾ," ಎಂದ ಮ್ಯಾನೇಜರ್. "ಯಾರ್ಯಾರ ಎಂಜಲೋ ಏನೋ."

ಅವನಿಗೆ ಹೆಂಗಸರು 'ಇಸ್ತ್ರಿ' ಎಂದು ಹೆಸರಿಟ್ಟಿದ್ದರು. ಅವನ ಅಂಗಿಯ ತೋಳಿನ ಮಡಿಕೆಯಲ್ಲಿ ಸೊಪ್ಪು ಹೆಚ್ಚಬಹುದಿತ್ತು. ಅವನು ಎಂದೂ ದನಿ ಎತ್ತುತ್ತಿರಲಿಲ್ಲ. ಎಲ್ಲರಿಗೂ ಅಮ್ಮಾ, ಆಂಟಿ. ಬೈಯುವವನಾದರೆ ತಿರುಗಿಸಿ ಮನಸ್ಸಿನಲ್ಲಾದರೂ ಬೈಯಬಹುದು. ಅಮ್ಮಾ ಅನ್ನುವವನಿಗೆ ಏನು ಮಾಡುವುದು?

"ಆರೋಗ್ಯದ ಮೇಲೆ ಅಷ್ಟು ಪ್ರೀತಿ ಇದ್ರೆ ಪಾಯಿಖಾನೆ ತೊಳೆಯೋಕೆ ಕೈಗವಸು ಕೊಡ್ಲಿ," ಎಂದು ಗಿಣಿ ಅತ್ತೆಯ ಕಿವಿಯಲ್ಲಿ ಅಂದಳು. ಗಿಣಿ ಎಲ್ಲರಿಗಿಂತ ಚಿಕ್ಕವಳು. ಮಾತು ಹೆಚ್ಚು, ಅದಕ್ಕೇ ಆ ಹೆಸರು.

ಮೂಸಲು ಒಬ್ಬ ಹೆಂಗಸು ಬೇಕಿತ್ತು. ಬಾಗಿಲ ಪರದೆಯ ಹಿಂದೆ ನಿಂತು, ಸಿನಿಮಾ ನೋಡಲು ಬಂದ ಹೆಂಗಸರ ಚೀಲ ತಡಕಾಡಿ, ಮನೆಯಿಂದ ತಂದ ತಿಂಡಿ ಕಿತ್ತಿಡುವ ಕೆಲಸ ಸೊಸೆಯದು. ಇದೂ ಅವಳಿಗೇ ಬಂತು. "ಹೆಂಗಸರನ್ನ ಮುಟ್ಟೋ ಕೆಲಸ ಹೆಂಗಸರೇ ಮಾಡ್ಬೇಕಲ್ವಾ," ಎಂದ ಇಸ್ತ್ರಿ. ಆ ಸಾಲಿನಲ್ಲಿ ಅವಳ ಅತ್ತೆ ಇರುತ್ತಾಳೆಂದು ಅವನಿಗೆ ಗೊತ್ತಿತ್ತು. ಅದು ಅವನಿಗೆ ಒಂದು ವಿಷಯವೇ ಆಗಿರಲಿಲ್ಲ.

ಈ ಜಾಗಕ್ಕೆ ಸೊಸೆಯನ್ನು ಕರೆತಂದವಳೇ ಅತ್ತೆ.

ಒಂದು ಕಾಲಕ್ಕೆ ಈ ಊರಿನ ದೊಡ್ಡ ರಸ್ತೆಯುದ್ದಕ್ಕೂ ಟಾಕೀಸುಗಳಿದ್ದವು. ಒಂದು ಸಿಮೆಂಟ್ ಗೋದಾಮಾಯಿತು. ಒಂದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದರು. ಇನ್ನೊಂದಕ್ಕೆ ಅಣ್ಣತಮ್ಮಂದಿರ ಜಗಳದಲ್ಲಿ ಬೀಗ ಬಿದ್ದು, ಬಾಲ್ಕನಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿವೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಗುಡಿಸುತ್ತಿದ್ದ ಟಾಕೀಸು ಮಾತ್ರ ಬಹಳ ವರ್ಷ ಮುಚ್ಚಿದ್ದು, ಆಮೇಲೆ ಗಾಜು ಹೊದ್ದು ಎದ್ದು ನಿಂತಿತು. ಒಂದು ದೊಡ್ಡ ಹಾಲು ಇದ್ದದ್ದು ಐದು ಸಣ್ಣ ಹಾಲುಗಳಾದವು. ಮಲಗಿ ನೋಡುವ ಸೀಟುಗಳು ಬಂದವು. 'ಹಳೆಯ ಕೆಲಸದವರಿಗೆ ಮೊದಲು' ಎಂದು ಕರೆದಾಗ ಅತ್ತೆ ಒಗೆದ ಸೀರೆ ಉಟ್ಟು ಹೋದಳು. ತನ್ನನ್ನೂ ಯಾರೋ ನೆನಪಿಟ್ಟಿದ್ದಾರೆ ಎಂದುಕೊಂಡಳು. ನೆನಪಿಟ್ಟಿದ್ದರು. ಹಳಬರು ಕಡಿಮೆಗೆ ಬರುತ್ತಾರೆ ಎಂಬುದನ್ನು ನೆನಪಿಟ್ಟಿದ್ದರು.

ಹಳೆಯ ಟಾಕೀಸು ಸ್ವರ್ಗವೇನಲ್ಲ. ಗುಡಿಸುವವರಿಗೆ ನೀರಿನ ಲೋಟ ಬೇರೆ ಇತ್ತು, ಪಾಯಿಖಾನೆಯ ಕಿಟಕಿಯಲ್ಲಿ. ಆಟ ನೋಡಬೇಕೆಂದರೆ ಬಾಗಿಲಿಗೆ ಆತು ನಿಲ್ಲಬೇಕಿತ್ತು. ಸೀಟಿನಲ್ಲಿ ಕೂತರೆ ಟಾರ್ಚು ಕಣ್ಣಿಗೆ ಬೀಳುತ್ತಿತ್ತು. ಆದರೆ ಅಲ್ಲೊಂದು ವಾಡಿಕೆ ಇತ್ತು. ಒಡವೆ, ಪರ್ಸು ಸಿಕ್ಕರೆ ಕಚೇರಿಗೆ ಕೊಡಬೇಕು. ಉಳಿದಂತೆ ಬಿದ್ದದ್ದು ಬಳಿದವಳಿಗೆ. ತಲೆಪಿನ್ನು, ಕರ್ಚೀಫು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಒಡೆಯದ ಕಡಲೆಕಾಯಿ. ಅವಳ ಮಗ ಆ ಕಡಲೆಕಾಯಿಯಲ್ಲೇ ಬೆಳೆದವನು. ಯಾರೂ ಅದನ್ನು ಕಳವು ಅಂದಿರಲಿಲ್ಲ. ಕೊಟ್ಟದ್ದೆಂದೂ ಅಂದಿರಲಿಲ್ಲ. ಬಿದ್ದಿತ್ತು, ಬಗ್ಗಿದವಳು ಎತ್ತಿಕೊಂಡಳು, ಅಷ್ಟೆ.

ಈಗ ಅದೇ ನೆಲದಲ್ಲಿ ಅದೇ ಬೆನ್ನು ಬಗ್ಗುತ್ತಿತ್ತು. ಆಟ ಮುಗಿದು ಮುಂದಿನ ಆಟಕ್ಕೆ ಜನ ಬರುವ ಮುಂಚೆ ಸೀಟುಗಳ ಕೆಳಗೆ ಕೈ ಹಾಕಿ ಬಳಿಯಬೇಕು. ತುಪ್ಪಳದಂಥ ನೆಲಹಾಸು. ಪೊರಕೆ ಹಿಡಿಯುವುದಿಲ್ಲ, ಉಗುರಿನಲ್ಲಿ ಕೆರೆಯಬೇಕು. ಕೂಲ್‌ಡ್ರಿಂಕ್ಸ್ ಚೆಲ್ಲಿ ಅಂಟಾದ ಜಾಗ, ಮಗುವಿನ ವಾಂತಿ, ಬಾಯಿಂದ ತೆಗೆದು ಸೀಟಿಗೆ ಒತ್ತಿದ ಚೂಯಿಂಗ್ ಗಮ್. ಪಾಪ್‌ಕಾರ್ನ್ ಡಬ್ಬಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಇರುತ್ತಿತ್ತು. ಬೆಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅದನ್ನು ಹೊತ್ತು ತಂದು ಅದರ ಮೇಲೆ ಫಿನಾಯಿಲ್ ಸುರಿದ ಮೊದಲ ದಿನ ಅತ್ತೆಯ ಕೈ ತಡೆಯಿತು. ಅನ್ನದ ಮೇಲೆ ವಿಷ ಹೊಯ್ಯುವುದು ಅವಳಿಗೆ ಯಾರೂ ಕಲಿಸಿರದ ಕೆಲಸ.

"ಸುರೀರಿ ದೊಡ್ಡಮ್ಮ," ಎಂದಳು ಗಿಣಿ. "ಮೇಲಿಂದ ದೇವ್ರು ನೋಡ್ತಿದಾನೆ." ಗೋಡೆಯ ಮೂಲೆಯ ಕ್ಯಾಮೆರಾ ತೋರಿಸಿದಳು.

ಸೊಸೆ ಮೊದಲ ಸಲ ಮೂಸಿದ ದಿನ ಅತ್ತೆ ಮಧ್ಯಾಹ್ನ ಮನೆಯ ಡಬ್ಬಿಯಲ್ಲಿ ತಂದ ಊಟ ಮಾಡಿದ್ದಳು. ಜೊತೆಗೊಂದು ಹಸಿ ಈರುಳ್ಳಿ. ಬಾಯಿ ತೆಗೆದಳು. ಸೊಸೆಯ ಮುಖ ಹತ್ತಿರ ಬಂತು. ಮೊಮ್ಮಗುವಿಗೆ ಜ್ವರ ಬಂದಾಗ ಇಬ್ಬರೂ ಹಣೆಗೆ ಹಣೆ ತಾಗುವಷ್ಟು ಹತ್ತಿರ ಕೂತಿದ್ದರು. ಇದು ಆ ಹತ್ತಿರವಲ್ಲ. ಸೊಸೆ ಉಸಿರೆಳೆದಳು. ತಲೆಯಾಡಿಸುವ ಮುಂಚೆ ಮುಖವನ್ನು ಒಂಚೂರು ಪಕ್ಕಕ್ಕೆ ತಿರುಗಿಸಿದಳು.

ಆ ಒಂಚೂರು ತಿರುಗಿದ್ದು ಅತ್ತೆಯ ಎದೆಯಲ್ಲಿ ಕೂತುಬಿಟ್ಟಿತು.

ಸೊಸೆಯ ಮುಂದೆ ಅವಳು ಎಂದೂ ಕೆದರಿದ ತಲೆಯಲ್ಲಿ ಓಡಾಡಿದವಳಲ್ಲ. ಸೀರೆ ಬದಲಾಯಿಸುವಾಗ ಚಿಲಕ ಹಾಕುವವಳು. ಕೆಳಗಿನ ದವಡೆಯ ಒಂದು ಹಲ್ಲು ಹುಳುಕಾಗಿದೆ ಎಂಬುದನ್ನು ಮಗನಿಗೂ ಹೇಳಿರಲಿಲ್ಲ. ಈಗ ದಿನಾ ಆ ಹಲ್ಲನ್ನು ಸೊಸೆಯ ಮೂಗಿಗೆ ಹಿಡಿಯಬೇಕು. ಅಂದು ಮನೆಗೆ ನಡೆಯುವಾಗ ಇಬ್ಬರೂ ಮಾತಾಡಲಿಲ್ಲ. ಪಾತ್ರೆ ತೊಳೆಯುವಾಗ ಮಾತಾಡಲಿಲ್ಲ. ಮಗ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಮನೆಗಿಲ್ಲ. ಆ ಮನೆಯಲ್ಲಿ ಮಾತೆಂದರೆ ಇವರಿಬ್ಬರದೇ, ಜಗಳವೆಂದರೂ ಇವರಿಬ್ಬರದೇ. ಅದೂ ನಿಂತಿತು.

ಮರುದಿನದಿಂದ ಅತ್ತೆ ಪಾಳಿ ಮುಗಿಯುವವರೆಗೆ ಬಾಯಿಗೆ ಏನೂ ಹಾಕಲಿಲ್ಲ. ಈರುಳ್ಳಿಯೂ ಬೇಡ, ಅನ್ನವೂ ಬೇಡ. ಡಬ್ಬಿಯನ್ನು ಗಿಣಿಗೆ ಕೊಟ್ಟಳು. ಗಿಣಿ ತನ್ನದನ್ನೂ ತಿಂದು ಇದನ್ನೂ ತಿಂದಳು. "ಹೊಟ್ಟೇಲಿ ಹುಲಿ ಸೇರ್ಕೊಂಡಿದೆ ದೊಡ್ಡಮ್ಮ," ಅಂದಳು. ಹುಲಿ ಯಾವುದೆಂದು ಅತ್ತೆಗೆ ತಿಳಿಯಿತು. ಬಸುರಿ ಎಂದು ಗೊತ್ತಾದರೆ ಗಿಣಿಯನ್ನು ತೆಗೆಯುತ್ತಾರೆ. ಅಲ್ಲಿ ಹೊಟ್ಟೆ ಬಂದವಳು ಯಾರೂ ಉಳಿದಿರಲಿಲ್ಲ.

ಖಾಲಿ ಹೊಟ್ಟೆಯ ಬಾಯಿಗೂ ಒಂದು ವಾಸನೆ ಇರುತ್ತದೆ. ಅದು ಅತ್ತೆಗೆ ಹೊಳೆದಿರಲಿಲ್ಲ. ನೀರು ಮುಕ್ಕಳಿಸಿದಳು, ಬೆರಳಿನಲ್ಲಿ ನಾಲಿಗೆ ಉಜ್ಜಿದಳು. ಅಂಗೈಗೆ ಉಸಿರು ಬಿಟ್ಟು ತಾನೇ ಮೂಸಿಕೊಂಡಳು. ಹುಳಿ. ಮುಚ್ಚಿಟ್ಟ ಕೊಡದ ತಳದ ನೀರಿನಂಥ ವಾಸನೆ. ಈರುಳ್ಳಿಯೇ ವಾಸಿಯಿತ್ತು. ಈರುಳ್ಳಿ ಉಂಡವಳ ವಾಸನೆ.

ಸೊಸೆ ದಿನಾ ತಲೆಯಾಡಿಸುತ್ತಿದ್ದಳು. ಮುಖ ತಿರುಗಿಸುವುದನ್ನು ಬಿಟ್ಟಿದ್ದಳು. ಒಂದು ಬೆಳಿಗ್ಗೆ ಅತ್ತೆಯ ಡಬ್ಬಿಯ ಮೇಲೆ ಒಂದು ಸಣ್ಣ ಪೊಟ್ಟಣ ಇತ್ತು. ಬಿಚ್ಚಿದರೆ ಲವಂಗ. ಹಲ್ಲಿಗೆ. ಅತ್ತೆ ಅದನ್ನು ಮಡಚಿ ಅಲ್ಲೇ ಕಪಾಟಿನಲ್ಲಿಟ್ಟಳು.

"ಯಾರು ಕೇಳಿದ್ರು ನಿನ್ನ?" ಎಂದಳು.

ಸೊಸೆ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ. "ಡಬ್ಬಿ ಖಾಲಿ ಬರುತ್ತೆ. ಬಾಯೂ ಖಾಲಿ ಇರುತ್ತೆ. ನಾನು ಕಟ್ಟಿದ ಊಟ ಎಲ್ಲಿಗೆ ಹೋಗುತ್ತೆ ಅತ್ತೆ?"

"ನನ್ನ ಹೊಟ್ಟೆ ಸುದ್ದಿ ನಿನಗ್ಯಾಕೆ?"

"ನನಗೆ ಬೇಡ ಅಂದ್ರೂ ಗೊತ್ತಾಗುತ್ತೆ. ಎಲ್ಲರದ್ದೂ ಗೊತ್ತಾಗುತ್ತೆ." ಸೊಸೆಯ ಕೈ ಹಿಟ್ಟಿನಲ್ಲಿ ನಿಂತಿತು. "ಸಾಲಲ್ಲಿ ಬಾಗಿಲ ಪಕ್ಕ ನಿಲ್ಲೋ ಅಜ್ಜಿ ಗಂಡನ ಜೊತೆ ಕುಡೀತಾಳೆ. ಗಿಣಿ ದಿನಾ ವಾಂತಿ ಮಾಡ್ಕೊಂಡು ಬಾಯಿ ತೊಳ್ಕೊಂಡು ಬರ್ತಾಳೆ. ಯಾರ ಮನೇಲಿ ಏನಿಲ್ಲ ಅನ್ನೋದೆಲ್ಲ ನನ್ನ ಮೂಗಿಗೆ ಬರುತ್ತೆ. ನಿಮಗೆ ಒಬ್ಬರಿಗೇ ನಾಚಿಕೆ ಅಂದ್ಕೊಂಡಿದೀರಾ? ನನಗೆ ಮನೆಗೆ ಬಂದು ಮಗೂಗೆ ಮುತ್ತು ಕೊಡೋಕೂ ಆಗಲ್ಲ."

ಅತ್ತೆ ಸೆರಗು ಹೊದ್ದು ಹೊರಗೆ ಹೋಗಿ ನಿಂತಳು. ಸೊಸೆಗೆ ಗೊತ್ತು. ಈ ಹುಡುಗಿಗೆ ಎಲ್ಲ ಗೊತ್ತು. ಬೀದಿಯಲ್ಲಿ ಸೀರೆ ಬಿಚ್ಚಿದ್ದರೂ ಇಷ್ಟು ಬತ್ತಲಾಗುತ್ತಿರಲಿಲ್ಲ ಅನ್ನಿಸಿತು.

ಆ ವಾರವೇ ಅದು ನಡೆಯಿತು.

ಮಧ್ಯಾಹ್ನದ ಆಟ ಬಿಟ್ಟಿತ್ತು. ಹೆಂಗಸರು ಚೀಲ ಎಳೆದುಕೊಂಡು ಹಿಂದಿನ ಕೋಣೆಗೆ ಬಂದರು. ಫಿನಾಯಿಲ್ ಕ್ಯಾನಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಇಸ್ತ್ರಿ ತಾನೇ ಬಂದ. ಅವನು ಆ ಕೋಣೆಗೆ ಬರುವವನಲ್ಲ. ಬಾಗಿಲಲ್ಲೇ ನಿಂತು ಫೋನು ಎತ್ತಿ ತೋರಿಸಿದ. ಮೂರನೇ ಹಾಲಿನ ಕ್ಯಾಮೆರಾದ್ದು. ಮಬ್ಬು. ನೀಲಿ ಕೋಟು ಹಾಕಿದ ಹೆಂಗಸೊಬ್ಬಳು ಸೀಟಿನ ಹಿಂದೆ ಬಗ್ಗುತ್ತಾಳೆ. ಕೈ ಬಾಯಿಗೆ ಹೋಗುತ್ತದೆ. ಮತ್ತೊಮ್ಮೆ ಹೋಗುತ್ತದೆ. ಮುಖ ಕಾಣುವುದಿಲ್ಲ. ನೀಲಿ ಕೋಟು ಎಲ್ಲರದ್ದೂ ಒಂದೇ.

"ನನಗೆ ಜಗಳ ಬೇಡ ಅಮ್ಮಾ," ಎಂದ. "ಯಾರು ಅಂತ ಹೇಳಿಬಿಡಿ. ಇಲ್ಲಾಂದ್ರೆ ಇವರು ಬಾಯಿ ನೋಡಿ ಹೇಳ್ತಾರೆ." ಸೊಸೆಯ ಕಡೆ ತಿರುಗಿದ. "ಇಷ್ಟು ತಿಂಗಳಿಂದ ಒಬ್ಬರೂ ಸಿಕ್ಕಿಲ್ಲ ನಿಮಗೆ. ನಾನು ಆಶ್ಚರ್ಯ ಪಡ್ತಾ ಇದ್ದೆ. ಇವತ್ತೂ ಸಿಗದಿದ್ರೆ ನಿಮ್ಮ ಮೂಗಿನ ಬಗ್ಗೆ ಯೋಚನೆ ಮಾಡ್ಬೇಕಾಗುತ್ತೆ."

ಸೊಸೆಯ ಮುಖ ಬಿಳಿಚಿತು. ಅವಳ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಅತ್ತೆಯದು ಬಾಡಿಗೆಗೂ ಸಾಲದು.

ಗಿಣಿ ಗೋಡೆಗೆ ಒತ್ತಿ ನಿಂತಿದ್ದಳು. ತುಟಿ ಬಿಗಿಹಿಡಿದಿದ್ದಳು. ತುಟಿಯ ಮೂಲೆಯಲ್ಲಿ ಸಿಹಿ ಪಾಪ್‌ಕಾರ್ನಿನ ಸಕ್ಕರೆ ಪಾಕದ ಹೊಳಪು. ಮನೆಯ ಎರಡು ಡಬ್ಬಿ ತಿಂದರೂ ಬಸುರಿಯ ನಾಲಿಗೆ ಸಿಹಿ ಕೇಳಿತ್ತು, ಅಷ್ಟೆ. ಯಾವ ಬಸುರಿಯ ನಾಲಿಗೆ ಕೇಳುವುದಿಲ್ಲ?

ಅತ್ತೆ ಸಾಲಿನಿಂದ ಮುಂದೆ ಬಂದಳು.

"ನಾನೇ ತಿಂದಿದ್ದು," ಎಂದಳು.

ಹೇಳಿದ ಮೇಲೆ ಆಶ್ಚರ್ಯವಾಯಿತು. ನಾಲಿಗೆ ತಡವರಿಸಲಿಲ್ಲ. ಕಳ್ಳಿ ಅನ್ನಿಸಿಕೊಳ್ಳುವುದು ಸುಲಭವಿತ್ತು. ತಿಂದವಳು ಅನ್ನಿಸಿಕೊಳ್ಳುವುದರಲ್ಲಿ ಒಂದು ಬಗೆಯ ಗತ್ತೂ ಇತ್ತು. ಬಾಯಿಗೆ ಏನೋ ಸಿಕ್ಕಿತ್ತಲ್ಲ, ಆ ಗತ್ತು.

"ನೀವಾ ಅಮ್ಮಾ?" ಇಸ್ತ್ರಿ ನಿಜವಾಗಿಯೂ ನೊಂದವನಂತೆ ಕಂಡ. "ಇಷ್ಟು ಹಳಬರು. ಛೆ." ಮತ್ತೆ ಸೊಸೆಗೆ ಹೇಳಿದ: "ನೋಡಿ ಖಚಿತ ಮಾಡಿ. ಆಮೇಲೆ ತಪ್ಪು ಮಾಡಿದ್ರು ಅಂತ ಯಾರೂ ನನಗೆ ಹೇಳಬಾರದು."

ಅತ್ತೆ ಬಾಯಿ ತೆಗೆದಳು. ಕಣ್ಣಲ್ಲೇ ಸೊಸೆಗೆ ಹೇಳಿದಳು: ಹೂಂ ಅನ್ನು. ಅಂದುಬಿಡು. ನಿನ್ನ ಕೆಲಸ ಉಳಿಯುತ್ತೆ, ಗಿಣಿಯದೂ ಉಳಿಯುತ್ತೆ.

ಸೊಸೆ ಹತ್ತಿರ ಬಂದಳು. ಮೂಸಿದಳು. ಎಂದಿಗಿಂತ ಹೆಚ್ಚು ಹೊತ್ತು ಅಲ್ಲೇ ನಿಂತಳು. ಅವಳ ಕಣ್ಣಲ್ಲಿ ನೀರು ಬಂತು.

"ಇಲ್ಲ ಸರ್," ಎಂದಳು.

"ಏನಿಲ್ಲ?"

"ಏನೂ ಇಲ್ಲ. ಇವರು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಿನ್ನೆನೂ ತಿಂದಿರಲಿಲ್ಲ. ಇವರ ಬಾಯಲ್ಲಿ ಇರೋದು ಹಸಿವಿನ ವಾಸನೆ. ಹುಳುಕು ಹಲ್ಲಿನ ವಾಸನೆ. ದಿನಾ ಅದೇ. ನಾನು ಇವರ ಸೊಸೆ, ನನಗೆ ಗೊತ್ತು."



 ಅತ್ತೆಯ ಬಾಯಿ ಇನ್ನೂ ತೆರೆದೇ ಇತ್ತು, ಮುಚ್ಚುವುದು ಮರೆತಿತ್ತು. ಹಸಿದವಳು. ಎಲ್ಲರ ಮುಂದೆ. ಗಂಡ ಸತ್ತ ವರ್ಷ ಒಲೆ ಹಚ್ಚಲು ಏನಿಲ್ಲದ ದಿನಗಳಲ್ಲೂ ಅಕ್ಕಪಕ್ಕದವರಿಗೆ ಹೊಗೆ ಕಾಣಲೆಂದು ಬರೀ ನೀರು ಕಾಯಿಸಿದವಳು ಅವಳು. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಈ ಹುಡುಗಿ ಒಂದು ಉಸಿರಿನಲ್ಲಿ ಕಸದ ಚೀಲಗಳ ನಡುವೆ ಸುರಿದಿದ್ದಳು. ಹೆಂಗಸರು ನೆಲ ನೋಡುತ್ತಿದ್ದರು. ಅವರ ಮರುಕ ಫಿನಾಯಿಲಿಗಿಂತ ಹೆಚ್ಚು ಉರಿಯಿತು.

ಇಸ್ತ್ರಿ ಫೋನನ್ನು ಜೇಬಿಗಿಟ್ಟ. ಅವನಿಗೂ ಮುಜುಗರವಾಗಿತ್ತು. ಆದರೆ ಅವನ ಮುಜುಗರಕ್ಕೆ ದಾರಿ ಗೊತ್ತಿತ್ತು.

"ಹಾಗಾದ್ರೆ ಇವರಲ್ಲ," ಎಂದ. "ಮುಂದಿನೋರು ಬನ್ನಿ. ಗೋಡೆ ಹತ್ರ ಇರೋರು. ಬಾಯಿ ತೆಗೀರಿ."

ಗಿಣಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಇನ್ನೊಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಅತ್ತೆ ಬಗ್ಗಿದಳು. ಜನ್ಮವೆಲ್ಲ ಬಗ್ಗಿದ ಬೆನ್ನು, ಅದಕ್ಕೆ ಯೋಚನೆ ಬೇಕಿರಲಿಲ್ಲ. ಕರಿ ಚೀಲದ ಬಾಯಿ ಬಿಚ್ಚಿದಳು. ಮೇಲೆಯೇ ಒಂದು ಡಬ್ಬಿ ಇತ್ತು, ಅಂಚಿಗೆ ಯಾರದೋ ತುಟಿಯ ಕೆಂಪು. ಕೈ ಹಾಕಿ ಒಂದು ಹಿಡಿ ತೆಗೆದಳು. ಬಾಯಿಗೆ ತುಂಬಿಕೊಂಡಳು. ಅಗಿದಳು. ಹುಳುಕು ಹಲ್ಲಿಗೆ ಸಿಕ್ಕಿ ನೋವು ಕಿವಿಯವರೆಗೆ ಚಿಮ್ಮಿತು. ಅಗಿಯುತ್ತಲೇ ಇಸ್ತ್ರಿಯ ಎದುರು ಹೋಗಿ ನಿಂತಳು. ನುಂಗಿದಳು. ಬಾಯಿ ತೆಗೆದಳು.

"ಮೂಸಿ," ಎಂದಳು.

ಅವನು ಒಂದು ಹೆಜ್ಜೆ ಹಿಂದೆ ಹೋದ. "ಏನಮ್ಮಾ ಇದು?"

"ಈಗ ತಿಂದಿದೀನಿ. ಮೂಸಿ ನೋಡಿ. ನೀವೇ ನೋಡಿ."

"ಆಂಟಿ, ಸ್ವಲ್ಪ ದೂರ..." ಅವನ ಕೈ ಮೂಗಿಗೆ ಹೋಗಿತ್ತು.

"ನನ್ನ ಸೊಸೆ ದಿನಾ ಮೂಸ್ತಾಳೆ. ಮನೇಲಿ ಮಗು ಇಟ್ಕೊಂಡು ಮೂಸ್ತಾಳೆ. ನಿಮಗೆ ಒಂದು ಸಲಕ್ಕೆ ಆಗಲ್ವಾ ಮಗನೇ?"

ಅವನು ಅಮ್ಮಾ ಅಂದಷ್ಟು ದಿನಕ್ಕೂ ಅವಳು ಮಗನೇ ಅಂದದ್ದು ಅದೊಂದೇ ಸಲ. ಅವನ ಬೆನ್ನು ಬಾಗಿಲಿಗೆ ತಾಗಿತು. ಬೆಣ್ಣೆಯೋ ಹಲ್ಲೋ, ಅವಳ ಉಸಿರು ಅವನ ಮೂಗಿಗೆ ಬಡಿಯಿತು. ಮುಖ ಕಿವುಚಿ "ಥೂ" ಅಂದ. ಆ ಥೂ ಬಂದದ್ದೇ ತಡ, ಅವನ ಇಸ್ತ್ರಿ ಮಾತು ಮುದುಡಿಹೋಯಿತು.

"ನಾಳೆಯಿಂದ ಬರಬೇಡ," ಎಂದು ಕೂಗಿದ. "ಇಬ್ಬರೂ ಬರಬೇಡಿ. ಅತ್ತೆ ಸೊಸೆ ಇಬ್ಬರೂ."

ಸೊಸೆ ಕುತ್ತಿಗೆಯ ಗುರುತಿನ ಚೀಟಿ ತೆಗೆದು ಕುರ್ಚಿಯ ಮೇಲಿಟ್ಟಳು.  ಗಿಣಿ ಬಾಯಿಯಿಂದ ಕೈ ತೆಗೆಯದೆಯೇ ಅವನ ಪಕ್ಕದಿಂದ ಹಾದು ಹೊರಗೆ ನಡೆದಳು. ಅವಳ ಹಿಂದೆ ಬಾಗಿಲ ಪಕ್ಕದ ಅಜ್ಜಿ. ಅವಳ ಹಿಂದೆ ಉಳಿದವರು. ಯಾರೂ ಬಾಯಿ ತೆಗೆಯಲಿಲ್ಲ. ಹೇ, ಹೇ, ನಿಲ್ಲಿ ಅಂದ ಅವನು. ಕರಿ ಚೀಲ ಬಾಯಿ ಬಿಚ್ಚಿಕೊಂಡು ಅಲ್ಲೇ ಕೂತಿತ್ತು.

ನಾಳೆ ಅವರಲ್ಲಿ ಎಷ್ಟು ಜನ ಮತ್ತೆ ಬಂದು ಬಾಯಿ ತೆಗೆಯುತ್ತಾರೋ ಅತ್ತೆಗೆ ಗೊತ್ತಿರಲಿಲ್ಲ. ತೆಗೆದರೆ ಬೈಯುವ ಬಾಯಿ ತನಗಿಲ್ಲ ಎಂದುಕೊಂಡಳು.

ರಸ್ತೆಯಲ್ಲಿ ಬಿಸಿಲಿತ್ತು. ಸಂಜೆಯ ಆಟಕ್ಕೆ ಜನ ಬರತೊಡಗಿದ್ದರು. ಇಬ್ಬರೂ ಗೋಡೆಯ ಬದಿಗೆ ನಡೆದರು. ಅತ್ತೆ ಮುಂದೆ, ಸೊಸೆ ಹಿಂದೆ.

"ಎಲ್ಲರೆದುರು ಹೇಳಿಬಿಟ್ಟೆಯಲ್ಲೇ," ಎಂದಳು ಅತ್ತೆ, ತಿರುಗದೆ.

"ಇನ್ನೇನು ಹೇಳ್ಬೇಕಿತ್ತು? ನಮ್ಮತ್ತೆ ಕಳ್ಳಿ ಅಂತಾನಾ?"

"ಹೌದು. ಹಾಗೇ ಹೇಳ್ಬೇಕಿತ್ತು. ಕಳ್ಳಿ ಅಂದ್ರೆ ನಾಲ್ಕು ದಿನದ ಮಾತು."

"ನನ್ನ ಬಾಯಿಗೆ ಬರಲಿಲ್ಲ."

"ಮಾನ ಹೋಯ್ತು."

 ಹಿಂದಿನಿಂದ ಮೂಗು ಎಳೆಯುವ ಸದ್ದು ಬಂತು. ಅತ್ತೆ ನಡಿಗೆ ನಿಧಾನ ಮಾಡಿದಳು. ಸೊಸೆ ಪಕ್ಕಕ್ಕೆ ಬಂದಳು. ಮನೆಗೆ ಹೋಗಿ ಮಗನಿಗೆ ಏನು ಹೇಳುವುದು, ಬಾಡಿಗೆಗೆ ಏನು ಮಾಡುವುದು, ಎರಡನ್ನೂ ಇಬ್ಬರೂ ಯೋಚಿಸುತ್ತಿದ್ದರು. ಅತ್ತೆಯ ನಾಲಿಗೆ ಹಲ್ಲಿನ ಸಂದಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಉಪ್ಪು. ಬೆಣ್ಣೆ. ಯಾರದೋ ಎಂಜಲು ಅಲ್ಲಿ ಇನ್ನೂ ಇತ್ತು. ನಾಲಿಗೆ ಅದನ್ನು ಬಿಡಲೊಲ್ಲದು. ಅವಳಿಗೆ ಆ ನಾಲಿಗೆಯ ಮೇಲೆ ಹೇಸಿಗೆಯಾಯಿತು. ಇಷ್ಟೆಲ್ಲ ಆದ ಮೇಲೂ ಅದಕ್ಕೆ ರುಚಿ ಬೇಕಿತ್ತು.

"ಚೆನ್ನಾಗಿತ್ತು ಕಣೆ," ಎಂದಳು ತಗ್ಗಿದ ದನಿಯಲ್ಲಿ.

"ಏನು?"

"ಅದೇ. ತಣ್ಣಗಾಗಿತ್ತು. ಆದ್ರೂ ಚೆನ್ನಾಗಿತ್ತು."

ಸೊಸೆ ನಿಂತಳು. ಅತ್ತೆಯ ಮುಖ ನೋಡಿದಳು. ಅವಳ ಮುಖದಲ್ಲಿ ಅಳು ಅರ್ಧಕ್ಕೆ ನಿಂತಿತ್ತು.

"ಒಂದೇ ಹಿಡಿ ತಿಂದ್ರಲ್ಲ ಅತ್ತೆ," ಎಂದಳು. "ಕೆಲಸ ಹೇಗೂ ಹೋಗೋದಿತ್ತು. ಇನ್ನೆರಡು ಹಿಡಿ ತಿನ್ನೋದಲ್ವಾ?"

ಅತ್ತೆ ನಗಲು ಹೊರಟಳು. ನಗು ಬರಲಿಲ್ಲ. ಸೊಸೆಯ ತೋಳು ಹಿಡಿದುಕೊಂಡಳು. ಜನ ಅವರನ್ನು ಬಳಸಿ ಎರಡೂ ಕಡೆಯಿಂದ ಹಾದುಹೋಗುತ್ತಿದ್ದರು.

"ಹಸಿವಾಗಿದೆ ಕಣೆ," ಎಂದಳು. "ತುಂಬಾ ಹಸಿವಾಗಿದೆ."